ಹನ್ನೊಂದನೇ ಪ್ಯಾರಾದ ಹುದ್ದೆ

ಚಿಂತಾಮಣಿಯ ಆ ಸರ್ಕಾರಿ ಕಚೇರಿಯಲ್ಲಿ ಖುರ್ಷಿದ್‌ಗೆ ಒಂದು ಕುರ್ಚಿ, ಒಂದು ಮೇಜು, ಹೊದಿಕೆ ಹಾಕಿದ ಒಂದು ಟೈಪ್‌ರೈಟರ್ ಇದ್ದವು. ಕೆಲಸ ಮಾತ್ರ ಒಂಬತ್ತು ವರ್ಷಗಳಿಂದ ಇರಲಿಲ್ಲ. ಹಾಗೆಂದು ಆಕೆ ನೆಮ್ಮದಿಯಾಗಿ ಕೂತವಳಲ್ಲ. ಹತ್ತು ಗಂಟೆಗೆ ಬಂದು ಹಾಜರಿ ಹಾಕಿದ ಮೇಲೆ ಕಿಟಕಿ ತೆಗೆಯುವಳು. ಬಿಸಿಲು ಬಂತೆಂದು ಮುಚ್ಚುವಳು. ಹಳೆಯ ರಿಜಿಸ್ಟರುಗಳ ಧೂಳು ಕೊಡವುವಳು. ಟಪಾಲಿಗೂ ತನಗೂ ಸಂಬಂಧವಿಲ್ಲದಿದ್ದರೂ ಟಪಾಲು ಬಂತೇ ಎಂದು ಬಾಗಿಲವರೆಗೆ ಹೋಗಿ ಬರುವಳು. ಮಂಡಿ ನೋವಿನವಳು ಇಷ್ಟೇಕೆ ತಿರುಗುತ್ತಾಳೆಂದು ಯಾರೂ ಕೇಳುತ್ತಿರಲಿಲ್ಲ. ನೋಡಿ ನೋಡಿ ಎಲ್ಲರಿಗೂ ಅಭ್ಯಾಸವಾಗಿತ್ತು. ನಿವೃತ್ತಿಗೆ ಇನ್ನೂ ಎರಡು ವರ್ಷ ಉಳಿದಿತ್ತು.

ಒಂದು ಕಾಲಕ್ಕೆ ಆ ಊರಿನಲ್ಲಿ ಅವಳಷ್ಟು ಚುರುಕಾಗಿ ಕನ್ನಡ ಟೈಪ್ ಮಾಡುವವರು ಇರಲಿಲ್ಲ. ಮನೆಯಲ್ಲಿ ಉರ್ದು ಆಡುತ್ತ ಬೆಳೆದರೂ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿ, ಕಚೇರಿಯ ಕನ್ನಡಕ್ಕೆ ಕೈ ಪಳಗಿಸಿಕೊಂಡಿದ್ದಳು. ಕಂಪ್ಯೂಟರ್ ಬಂದಾಗ ಚಿಕ್ಕಬಳ್ಳಾಪುರಕ್ಕೆ ಮೂರು ದಿನದ ತರಬೇತಿಗೆ ಕಳಿಸಿದರು. ಮೊದಲ ದಿನ ಮಧ್ಯಾಹ್ನವೇ ಎದ್ದು ಬಂದಳು. ತನ್ನ ಕೈಗೆ ತನ್ನ ಮಷೀನೇ ಸಾಕು ಎಂದಳು. ಆಮೇಲೆ ಗುತ್ತಿಗೆಯ ಮೇಲೆ ಹರಿತಾ ಎಂಬ ಹುಡುಗಿ ಬಂದಳು, ಪತ್ರಗಳೆಲ್ಲ ಅವಳ ಮೇಜಿಗೆ ಹೋದವು. ಇದರಲ್ಲಿ ಅನ್ಯಾಯ ಹುಡುಕುವವರು ಆ ಮಧ್ಯಾಹ್ನವನ್ನು ಮರೆಯಬಾರದು.

ಅದೊಂದು ಬುಧವಾರ ಹರಿತಾ ಆಡಿಟ್ ಆಕ್ಷೇಪಣೆಗಳಿಗೆ ಉತ್ತರ ಸಿದ್ಧಮಾಡುತ್ತಿದ್ದಳು. ಹಿಂದಿನಿಂದ ಹಾದುಹೋಗುತ್ತಿದ್ದ ಖುರ್ಷಿದ್ ಕಣ್ಣಿಗೆ ಇಂಗ್ಲಿಷಿನಲ್ಲಿದ್ದ ಹನ್ನೊಂದನೇ ಪ್ಯಾರಾ ಬಿತ್ತು. ಟೈಪಿಸ್ಟ್ ಹುದ್ದೆಯ ವಿಷಯವೆಂದು ತಿಳಿಯಿತು. ಆ ಹುದ್ದೆಯನ್ನು ಏನೆಂದು ಕರೆದಿದ್ದರೋ ಅದು ತಿಳಿಯಲಿಲ್ಲ.

“ಸೈನಿಕ್ಯೂರ್ ಅಂದ್ರೇನಮ್ಮ ಹರಿತಾ?”

ಹರಿತಾ ಮೊಬೈಲಿನಲ್ಲಿ ಹುಡುಕಿದಳು, ಓದಿದಳು, ಮೊಬೈಲನ್ನು ಬೋರಲು ಇಟ್ಟಳು. “ನೆಟ್ ಬರ್ತಿಲ್ಲ ಮೇಡಂ.”

ಸೂಪರಿಂಟೆಂಡೆಂಟ್ ವೆಂಕಟರವಣಪ್ಪ ಕಡತದಿಂದ ತಲೆಯೆತ್ತಲಿಲ್ಲ. “ಆ ಪದ ಕಟ್ಕೊಂಡು ಏನಾಗ್ಬೇಕು ಬಿಡ್ರಮ್ಮ. ಅವ್ರು ಪ್ಯಾರಾ ಬರೀತಾರೆ, ನಾವು ‘ಆಕ್ಷೇಪಣೆಯನ್ನು ಒಪ್ಪಲಾಗಿದೆ, ಸರಿಪಡಿಸಲಾಗುವುದು’ ಅಂತ ಬರೀತೀವಿ. ಇಪ್ಪತ್ತು ವರ್ಷದಿಂದ ಹಿಂಗೇ ನಡ್ಕೊಂಡ್ಬಂದಿದೆ. ಹಾಕ್ಬಿಡಮ್ಮ ಹರಿತಾ, ಎಲ್ಲಾದಕ್ಕೂ ಅದೇ ಹಾಕು.”

ಹಾಕಿದಳು. ಸಹಿಯೂ ಆಯಿತು.

ಖುರ್ಷಿದ್ ಮಗಳು ಹುಮಾ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಸಂಜೆ ತಾಯಿ ಕೇಳಿದಾಗ ಅವಳಿಗೆ ನೆಟ್ ಬೇಕಾಗಲಿಲ್ಲ.

“ಕೆಲಸ ಇಲ್ದೆ ಸಂಬಳ ಬರೋ ಹುದ್ದೆ ಅಮ್ಮೀ. ಮೊದ್ಲು ಇಂಗ್ಲೆಂಡಲ್ಲಿ ಪಾದ್ರಿಗಳ ಹುದ್ದೆಗೆ ಅಂತಿದ್ರು. ಪಾದ್ರಿ ಅಂತ ನೇಮಕ ಆಗೋದು, ವರಮಾನ ಬರೋದು, ನೋಡ್ಕೊಳ್ಳೋಕೆ ಜನಾನೇ ಇರ್ತಿರ್ಲಿಲ್ಲ. ಆಮೇಲೆ ಸರ್ಕಾರಿ ಹುದ್ದೆಗಳಿಗೂ ಹಂಗೇ ಅನ್ನೋಕೆ ಶುರು ಮಾಡಿದ್ರು. ಲ್ಯಾಟಿನ್‌ನಲ್ಲಿ ಚಿಂತೆ ಇಲ್ಲದ್ದು ಅಂತ ಅರ್ಥ.”

“ಚಿಂತೆ ಇಲ್ಲದ್ದಾ? ಒಂಬತ್ತು ವರ್ಷದಿಂದ ಆ ಕುರ್ಚೀಲಿ ನನಗಿರೋದು ಅದೊಂದೇ.”

“ಮನುಷ್ಯರಿಗೆ ಅನ್ನೋ ಮಾತಲ್ಲ ಅದು. ಹುದ್ದೆಗೆ ಅನ್ನೋದು.”

“ಹುದ್ದೇಲಿ ಕೂತಿರೋದು ಯಾರು, ನಿನ್ನ ಅಬ್ಬಾನಾ?”

ಮರುದಿನ ಖುರ್ಷಿದ್ ಅರ್ಧ ಗಂಟೆ ಮೊದಲೇ ಕಚೇರಿಗೆ ಹೋಗಿ ವೆಂಕಟರವಣಪ್ಪನವರಿಗೆ ಪದದ ಅರ್ಥ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಒಪ್ಪಲಾಗಿದೆ ಅಂತ ಹೋದ್ರೆ ನಿಮ್ಮ ಹುದ್ದೇನೇ ರದ್ದು ಮಾಡ್ತಾರಲ್ಲಮ್ಮ. ನಿಮ್ಮನ್ನ ಎಲ್ಲಿಗೆ ಎತ್ತಿ ಹಾಕ್ತಾರೋ. ಲಕೋಟೆ ಇನ್ನೂ ಟಪಾಲು ಟ್ರೇಯಲ್ಲೇ ಇದೆ, ನಾಲ್ಕು ಗಂಟೆಗೆ ಹೋಗುತ್ತೆ. ನೀವು ಮಾಡೋ ಕೆಲಸದ್ದೊಂದು ಪಟ್ಟಿ ಕೊಡಿ. ಉತ್ತರ ಬದಲಾಯಿಸ್ತೀನಿ.”

“ಯಾವ ಕೆಲಸ ಸಾರ್?”

“ಬರೀರಿ ಏನಾದ್ರೂ. ಯಾರು ಬಂದು ನೋಡ್ತಾರೆ?”

ಖುರ್ಷಿದ್ ಹೊದಿಕೆ ತೆಗೆದಳು. ಒಣಗಿದ ರಿಬ್ಬನ್ನನ್ನು ಸುತ್ತಿ ಸುತ್ತಿ, ಮಸಿ ಉಳಿದ ಜಾಗ ಹುಡುಕಿ, ಹಾಳೆ ಏರಿಸಿದಳು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಸದ್ದು ಕೇಳಿ ಹರಿತಾ ಎದ್ದು ಬಂದು ನಿಂತಳು. ಪತ್ರಗಳ ಬೆರಳಚ್ಚು, ಗೌಪ್ಯ ವರದಿಗಳ ಬೆರಳಚ್ಚು, ಸ್ಟೆನ್ಸಿಲ್ ತಯಾರಿ, ಹೀಗೆ ಏಳು ಕೆಲಸಗಳು, ಒಂದೂ ತಪ್ಪಿಲ್ಲದೆ. ಸ್ಟೆನ್ಸಿಲ್ಲಿನಿಂದ ಪ್ರತಿ ತೆಗೆಯುವ ಯಂತ್ರವನ್ನು ಗುಜರಿಗೆ ಹಾಕಿ ಎಷ್ಟೋ ವರ್ಷಗಳಾಗಿದ್ದವು.

ಸಹಿ ಮಾತ್ರ ಹಾಕಲಿಲ್ಲ. ಎದ್ದು ಕಿಟಕಿ ತೆಗೆದಳು. ಬಂದು ಹಾಳೆ ಓದಿದಳು. ಟ್ರೇ ಹತ್ತಿರ ಹೋಗಿ ಲಕೋಟೆ ಅಲ್ಲೇ ಇದೆಯೇ ಎಂದು ನೋಡಿದಳು. ಮತ್ತೆ ಕೂತಳು, ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಊಟದ ಡಬ್ಬಿ ಬಿಚ್ಚಲೇ ಇಲ್ಲ. ಮೂರು ಗಂಟೆಯ ಹೊತ್ತಿಗೆ ಬಿಸಿಲು ಮೇಜಿನ ಮೇಲೆ ಬಂತು. ಕಿಟಕಿ ಮುಚ್ಚಲು ಎದ್ದವಳು ಅರ್ಧದಲ್ಲೇ ನಿಂತಳು. ಸಹಿ ಹಾಕಿದರೆ ಈ ಕಿಟಕಿಯನ್ನು ಇನ್ನೂ ಎರಡು ವರ್ಷ ತೆಗೆದು ಮುಚ್ಚಬೇಕು. ಒಂದು ದಿನವೆಂದರೆ ಅಲ್ಲಿ ಎಷ್ಟು ಉದ್ದವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ತಡೆದದ್ದು ಸತ್ಯದ ಮೇಲಿನ ಪ್ರೀತಿಯಲ್ಲ, ಆ ಕುರ್ಚಿಯ ಭಯ.

“ನಿನ್ನೆ ಬರೆದಿದ್ದೇ ಹೋಗ್ಲಿ ಸಾರ್,” ಎಂದಳು.

“ಮಂಡಿ ನೋವು ಅಂತೀರ. ದೂರ ಹಾಕಿದ್ರೆ?”

“ಹಾಕ್ಲಿ. ಕೆಲಸ ಇರೋ ಕಡೆ ಹಾಕ್ಲಿ.”

“ಕಂಪ್ಯೂಟರ್ ಬರಲ್ಲ ನಿಮ್ಗೆ.”

ಖುರ್ಷಿದ್ ಹರಿತಾಳ ಕಡೆ ತಿರುಗಿದಳು. “ನಾಳೆಯಿಂದ ಊಟದ ಹೊತ್ತಲ್ಲಿ ಹೇಳ್ಕೊಡ್ತೀಯೇನಮ್ಮ?”

ಲಕೋಟೆ ನಾಲ್ಕಕ್ಕೆ ಹೋಯಿತು. ಮೂರು ತಿಂಗಳು ಹರಿತಾ ಕಲಿಸಿದಳು. ಕಲಿಯುವಾಗ ಖುರ್ಷಿದ್ ಎರಡು ಸಲ ಅವಳನ್ನೇ ಗದರಿದಳು. ಎದ್ದು ಮಾತ್ರ ಹೋಗಲಿಲ್ಲ. ಆಮೇಲೆ ಆದೇಶ ಬಂತು. ಟೈಪಿಸ್ಟ್ ಹುದ್ದೆ ರದ್ದು. ಖುರ್ಷಿದ್‌ಗೆ ಗೌರಿಬಿದನೂರಿನ ಕಚೇರಿಯೊಂದರಲ್ಲಿ ಟಪಾಲು ವಿಭಾಗ. ಅಲ್ಲಿನ ಗುಮಾಸ್ತರು ನಿವೃತ್ತರಾದ ಮೇಲೆ ಕಾಗದಗಳು ಬೀರುವಿನಿಂದ ನೆಲಕ್ಕಿಳಿದಿದ್ದವು.

ಈಗ ಬೆಳಿಗ್ಗೆ ಆರಕ್ಕೇ ಬಸ್ಸು. ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರ, ಅಲ್ಲಿ ಇಳಿದು ಗೌರಿಬಿದನೂರಿಗೆ ಇನ್ನೊಂದು ಬಸ್ಸು. ಮಂಡಿ ನೋವು ಹೆಚ್ಚಾಗಿದೆ. ಆದರೂ ಚಿಕ್ಕಬಳ್ಳಾಪುರ ಇನ್ನೂ ಅಷ್ಟು ದೂರ ಇರುವಾಗಲೇ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ.

“ಸೀಟ್ ಖಾಲಿ ಇದೆ, ಕೂತ್ಕೊಳಮ್ಮ,” ಎನ್ನುತ್ತಾನೆ ಕಂಡಕ್ಟರ್. “ಇನ್ನೂ ಹೊತ್ತಿದೆ.”

“ಒಂಬತ್ತು ವರ್ಷ ಕೂತಿದ್ದೀನಿ ಬಿಡಪ್ಪ,” ಎನ್ನುತ್ತಾಳೆ ಖುರ್ಷಿದ್, ಕಂಬಿ ಬಿಡದೆ.