ವಲ್ಲಿಯ ಕೆಳಗಿನ ದರ

ನಲವತ್ತರ ದಶಕದಲ್ಲಿ ನಾನು ವಾಣಿಜ್ಯ ಓದುತ್ತಿದ್ದಾಗ ಇಡೀ ತರಗತಿಗೆ ನಾನೊಬ್ಬಳೇ ಹೆಣ್ಣುಮಗಳು. ಬೆಂಚು ಮೂಲೆಯದಾದರೂ ಮೂಲೆ ಹಿಡಿಯುವ ಜಾಯಮಾನ ನನ್ನದಾಗಿರಲಿಲ್ಲ. ಅದಕ್ಕೇ ನನ್ನನ್ನು ಜಗಳಗಂಟಿ ಎನ್ನುತ್ತಿದ್ದರು, ಅನ್ನಲಿ.

ಮುಂಬಯಿಯಿಂದ ಹೊಸದಾಗಿ ಬಂದ ನಮ್ಮ ಮಾಸ್ತರರು ನೋಟ್ಸ್ ಬರೆಸುವುದನ್ನೇ ಬಿಟ್ಟಿದ್ದರು. ವ್ಯಾಪಾರವನ್ನು ಪೇಟೆಯಲ್ಲಿ ನಿಂತೇ ಕಲಿಯಬೇಕು ಎಂಬುದು ಅವರ ಹಟ. ಉಪ್ಪಿನಬೆಟಗೇರಿಯ ರೈತರೊಬ್ಬರನ್ನು ಒಪ್ಪಿಸಿ, ನಮ್ಮನ್ನು ಹುಬ್ಬಳ್ಳಿಯ ಹತ್ತಿ ಪೇಟೆಗೆ ಕರೆದೊಯ್ದರು. ಆ ರೈತರ ಹತ್ತಿಯಲ್ಲಿ ಒಬ್ಬೊಬ್ಬರು ಒಂದೊಂದು ಅಂಡಿಗೆ, ಅಂದರೆ ಹತ್ತಿ ತುಂಬಿದ ಒಂದೊಂದು ದೊಡ್ಡ ಚೀಲ, ಮಾರಬೇಕು. ಮಾರಿದವರು ಪಾಸು.

ಆಗ ಪೇಟೆಯಲ್ಲಿ ಯಾರೂ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರೈತನ ಪರವಾಗಿ ದಲಾಲ, ಎದುರಿಗೆ ಕೊಳ್ಳುವ ಸಾವಕಾರ. ಇಬ್ಬರೂ ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಹೊದಿಸಿಕೊಂಡು, ಅದರ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ದರ ಮುಗಿಸುತ್ತಿದ್ದರು. ಹತ್ತಿ ಬೆಳೆದವನಿಗೆ ದಲಾಲ ಆಮೇಲೆ ಹೇಳಿದ್ದೇ ದರ. ಅಂದು ದಲಾಲನ ಜಾಗದಲ್ಲಿ ನಮ್ಮ ಹುಡುಗರು ಕೂತು, ಅವನು ಕಲಿಸಿದಂತೆ ಬೆರಳು ಒತ್ತಿ ನಾಲ್ಕು ಅಂಡಿಗೆ ಮಾರಿದರು.

ನನ್ನ ಸರದಿ ಬಂದಾಗ ಸಾವಕಾರರು ಕೈ ಹಿಂದಕ್ಕೆಳೆದುಕೊಂಡರು. ಪರರ ಮನೆಯ ಹೆಣ್ಣುಮಗಳ ಕೈ ಹಿಡಿಯುವುದು ಹೇಗೆ? ಹುಡುಗರು ಕಿಸಕ್ಕನೆ ನಕ್ಕರು. ಮಾಸ್ತರರು ಹತ್ತಿರ ಬಂದು, ನೀನು ನೋಡಿದ್ದೇ ಸಾಕು, ಪಾಸು ಮಾಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಆ ಬಿಟ್ಟಿ ಪಾಸು ತೆಗೆದುಕೊಂಡಿದ್ದರೆ ಓದು ಮುಗಿಯುವವರೆಗೂ ಕನಿಕರದ ಮೇಲೆ ಬದುಕಬೇಕಿತ್ತು. ಒಲ್ಲೆನೆಂದು ಸಾವಕಾರರ ಎದುರಿಗೇ ಕೂತೆ.

"ಕೈ ಬ್ಯಾಡ್ರಿ ಸಾವಕಾರ್ರ. ಬಾಯಿಲೇ ಹೇಳ್ರಿ."

"ದರಾ ಬಾಯಿಲೇ ಹೇಳೂ ಪದ್ಧತಿ ಇಲ್ಲ ನೋಡವಾ ತಂಗಿ."

"ಹಂಗಾರ ಇವತ್ತಿಂದ ಇರಲಿ."

ಅವರು ಗೊಣಗುತ್ತ ಒಂದು ದರ ಹೇಳಿದರು. ನಾನು ಅದನ್ನೇ ಇಡೀ ಸಾಲಿಗೆ ಕೇಳುವಂತೆ ಕೂಗಿದೆ. ಪಕ್ಕದ ಅಂಗಡಿಯ ಜಗಲಿಯಿಂದ ಇನ್ನೊಬ್ಬರು ಅದಕ್ಕಿಂತ ಮೇಲೆ ಕೂಗಿದರು. ಸಾವಕಾರರು ಬಿಡಲಿಲ್ಲ, ಮತ್ತೆ ಏರಿಸಿದರು. ಹುಡುಗರು ಮಾರಿದ ದರವನ್ನು ದಾಟಿ, ಅದೇ ಹೊಲದ ಅದೇ ಹತ್ತಿ ಸಾಕಷ್ಟು ಮೇಲಕ್ಕೆ ಹೋಗಿ ಮಾರಾಟವಾಯಿತು.

ಬೆಳಗಿನಿಂದ ಗಾಡಿಯ ಗಾಲಿಗೆ ಒರಗಿ ಸುಮ್ಮನೆ ಕೂತಿದ್ದ ಆ ಉಪ್ಪಿನಬೆಟಗೇರಿಯ ರೈತರು ಆಗ ಎದ್ದು ಬಂದರು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ದಲಾಲನ ಮುಂದೆ ನಿಂತರು.

"ಅಲ್ರಿ, ಇಷ್ಟು ವರ್ಷ ಆ ವಲ್ಲಿ ಬುಡಕ ನನ್ನ ಹತ್ತಿಗೆ ಖರೇ ದರಾ ಏನಿತ್ತರಿ?"

ದಲಾಲ ವಲ್ಲಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡ. ನಾನು ಸೆರಗು ಸಿಕ್ಕಿಸಿಕೊಂಡು, ಅದನ್ನೂ ಕೂಗಿಯೇ ಮಾರಲು ಮುಂದಿನ ಅಂಡಿಗೆಯ ಹತ್ತಿರ ಹೋಗಿ ನಿಂತೆ.