ಹದಿನಾಲ್ಕನೆಯ ಪುಟದ ಹೀಟರು

ಕೋಲ್ಕತ್ತದ ನಮ್ಮ ಕನ್ನಡ ಸಂಘ ಹೊರತಂದಿರುವ ಸ್ಮರಣ ಸಂಚಿಕೆಯ ಹದಿನಾಲ್ಕನೆಯ ಪುಟದಲ್ಲಿ ನನ್ನ ಮೇಲೆ ಒಂದು ಸುಳ್ಳು ಅಚ್ಚಾಗಿದೆ. ವಾಕ್ಯವನ್ನು ಇದ್ದಂತೆಯೇ ಕೊಡುತ್ತೇನೆ: "ಏರುದಾರಿಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಆ ಸೆಖೆಯಲ್ಲೂ ಹೀಟರ್ ಹಾಕಿ ಕುಳಿತದ್ದರಿಂದ ಎಂಜಿನ್ ಕುದಿದು, ಪುಟಾಣಿ ರೈಲು ತಪ್ಪಿ, ಎಲ್ಲರಿಗೂ ಮರೆಯಲಾಗದ ನಗೆಯೂಟವಾಯಿತು." ಹೆಸರು ಹಾಕಿಲ್ಲವಲ್ಲ ಎಂದು ಕಾರ್ಯದರ್ಶಿಗಳು ನನಗೆ ಸಮಾಧಾನ ಹೇಳಿದರು. ಪ್ರವಾಸಕ್ಕೆ ಹೋದದ್ದು ಸಮಿತಿಯ ಮೂರು ದಂಪತಿಗಳು. ಅವರಲ್ಲಿ ಎಪ್ಪತ್ತು ದಾಟಿದವನು ನಾನೊಬ್ಬನೇ. ಹೆಸರನ್ನು ಇನ್ನು ಹೇಗೆ ಹಾಕುತ್ತಾರೆ?

ಹೀಟರ್ ಹಾಕಿದ್ದು ನಿಜ. ಎಂಜಿನ್ ಕುದಿದದ್ದೂ ನಿಜ. ಮೊದಲನೆಯದು ಎರಡನೆಯದಕ್ಕೆ ಕಾರಣವೆಂಬುದು ಸುಳ್ಳು. ಹೀಗೆ ಬರೆದವರಿಗೂ ಅದು ಗೊತ್ತಿತ್ತೆಂದು ನಾನು ನಂಬುತ್ತೇನೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಹೌರಾ ಬಳಿಯ ರೈಲ್ವೆ ಡೀಸೆಲ್ ಶೆಡ್ಡಿನಲ್ಲಿ ನಾನು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಎಂಜಿನ್ನನ್ನು ತಣ್ಣಗಿಡುವ ನೀರು, ಅದರ ಪಂಪು, ರೇಡಿಯೇಟರು, ಫ್ಯಾನು, ಇಷ್ಟೇ ನನ್ನ ಪ್ರಪಂಚವಾಗಿತ್ತು. ಸಾಹಿತ್ಯದ ಬಗ್ಗೆ ಸಂಘದಲ್ಲಿ ನಾನು ಬಾಯಿ ತೆರೆದವನಲ್ಲ. ಕುದಿಯುವ ಎಂಜಿನ್ನಿನ ಬಗ್ಗೆ ಮಾತ್ರ ನನ್ನ ಮಾತಿಗೆ ನಾಲ್ಕು ಜನ ಕಿವಿಗೊಡಬಹುದೆಂದು ಎಣಿಸಿದ್ದೆ.

ಕಳೆದ ಬೇಸಿಗೆಗೆ ಮುಂಚೆ ಸಾಲ್ಟ್ ಲೇಕಿನಲ್ಲಿರುವ ಕಾರ್ಯದರ್ಶಿಗಳ ಫ್ಲಾಟಿನಲ್ಲಿ ಸಮಿತಿ ಸೇರಿತು. ಮಲಗುವ ಜಾಗ, ಒಲೆ, ಸ್ನಾನದ ಮನೆ ಎಲ್ಲವೂ ಒಳಗೇ ಇರುವ ಕ್ಯಾರವಾನ್ ಒಂದನ್ನು ಬಾಡಿಗೆಗೆ ಹಿಡಿದು ಡಾರ್ಜಿಲಿಂಗಿಗೆ ಹೋಗಿ ಅಲ್ಲಿನ ಪುಟಾಣಿ ರೈಲು ಹತ್ತಿಬರುವುದು, ಚೆನ್ನಾಗಿ ನಡೆದರೆ ಉಳಿದ ಮನೆಗಳವರನ್ನೂ ಸರದಿಯಂತೆ ಕಳುಹಿಸುವುದು ಎಂದು ತೀರ್ಮಾನವಾಯಿತು. ಈ ಊರಿನಲ್ಲಿ ಬಾಳಿದವರಿಗೆ ಏರು ಎಂದರೆ ಫ್ಲೈಓವರ್. ಎಂಜಿನ್ನಿಗೆ ತಿಳಿಯುವ ಮೊದಲೇ ಅದು ಇಳಿದಿರುತ್ತದೆ. ಬೆಟ್ಟದ ಏರಿನಲ್ಲಿ ಭಾರದ ಗಾಡಿ ಗಂಟೆಗಟ್ಟಲೆ ಮೆಲ್ಲಗೆ ಎಳೆಯಬೇಕು. ಕೆಲಸ ಹೆಚ್ಚು, ಎದುರಿನಿಂದ ಬರುವ ಗಾಳಿ ಕಡಿಮೆ. ಇದನ್ನು ವಿವರಿಸಲು ಎರಡು ಹಾಳೆ ಬರೆದುಕೊಂಡು ಹೋಗಿದ್ದೆ.

ನನಗೆ ಕೊಟ್ಟದ್ದು ಐದು ನಿಮಿಷ. ಸೂರ್ಯ ಏರುವ ಮುನ್ನ ಬೆಟ್ಟ ಹತ್ತಬೇಕು. ಅನಗತ್ಯ ಭಾರ ಹೊರಬಾರದು. ಕೆಳಗಿನ ಗೇರಿನಲ್ಲಿ ಎಂಜಿನ್ ಚುರುಕಾಗಿ ತಿರುಗುತ್ತಿರಬೇಕು, ಏಕೆಂದರೆ ನೀರಿನ ಪಂಪು ತಿರುಗುವುದು ಅದರ ಜೊತೆಗೇ. ಮೂರನೆಯ ಅಂಶ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ಬಂತು. ಉಪ್ಪಿಟ್ಟಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕನೆಯ ಅಂಶಕ್ಕೆ ಯಾರೂ ಮರಳಲಿಲ್ಲ. ಗಾಡಿಯ ಮುಂದಿನ ಜಾಲರಿಗೆ ಏನನ್ನೂ ಅಡ್ಡ ಕಟ್ಟಬಾರದು ಎಂಬುದೇ ನಾಲ್ಕನೆಯ ಅಂಶ.

ಅಧ್ಯಕ್ಷರು ಧಾರವಾಡದ ಕಡೆಯವರು, ನಿವೃತ್ತ ಪ್ರಾಧ್ಯಾಪಕರು. ಕೈ ತೊಳೆದು ಬಂದು ನನ್ನ ಹೆಗಲ ಮೇಲೆ ಒದ್ದೆ ಕೈಯಿಟ್ಟು, "ಸರ, ನೀವು ರೈಲ್ವೇದವ್ರು. ಹಳಿ ಮ್ಯಾಲೆ ಓಡಸೋದು ಬ್ಯಾರೆ, ರಸ್ತಾದ ಮ್ಯಾಲೆ ಓಡಸೋದು ಬ್ಯಾರೆ" ಎಂದರು.

"ನೀರು ಕುದಿಯೋದು ಎರಡ್ರಲ್ಲೂ ಒಂದೇ ಥರ ಸ್ವಾಮಿ" ಎಂದೆ. ಅಂಗಿಯ ಮೇಲೆ ಐದು ಬೆರಳಿನ ಒದ್ದೆ ಗುರುತು ಮನೆಗೆ ಬರುವವರೆಗೂ ಇತ್ತು.

ಹೊರಡುವ ದಿನ ಗಾಡಿಗೆ ಏರಿದ ಸಾಮಾನನ್ನು ನಾನು ನಿಂತು ನೋಡಿದ್ದೇನೆ. ಲೇಕ್ ಮಾರ್ಕೆಟಿನಿಂದ ತಂದ ಅಕ್ಕಿ, ಉದ್ದಿನಬೇಳೆ, ತೆಂಗಿನಕಾಯಿ, ಕಲ್ಲಿನ ಗ್ರೈಂಡರು, ಇಪ್ಪತ್ತು ಲೀಟರಿನ ಆರು ಕ್ಯಾನು ನೀರು. ಬೆಟ್ಟದ ನೀರಿನಲ್ಲಿ ಕಾಫಿ ಕೆಡುತ್ತದೆಂಬುದು ಅಧ್ಯಕ್ಷರ ಪತ್ನಿಯವರ ಅಭಿಪ್ರಾಯ. ನನ್ನ ಹೆಂಡತಿಯೂ ಅದನ್ನು ಅನುಮೋದಿಸಿದಳೆಂಬುದನ್ನು ಪಕ್ಷಪಾತವಿಲ್ಲದೆ ಇಲ್ಲಿ ದಾಖಲಿಸುತ್ತೇನೆ.

ಮೊದಲ ದಿನ ಸಿಲಿಗುರಿಯವರೆಗೆ ಬಯಲು. ತೊಂದರೆಯಾಗಲಿಲ್ಲ. ಮರುದಿನ ಬೆಳಿಗ್ಗೆ ಐದೂವರೆಗೆ ನಾನು ಸ್ನಾನ ಮುಗಿಸಿ ಗಾಡಿಯ ಬಳಿ ನಿಂತಿದ್ದೆ. ಗಾಡಿ ಹೊರಟದ್ದು ಹತ್ತೂವರೆಗೆ. ನಡುವಿನ ಐದು ಗಂಟೆ ಇಡ್ಲಿಗೆ ಹೋಯಿತು. ಹಿಂದಿನ ರಾತ್ರಿ ಕ್ಯಾರವಾನಿನೊಳಗೇ ರುಬ್ಬಿಟ್ಟು, ಕ್ಯಾರವಾನಿನೊಳಗೇ ಬೇಯಿಸಿದ ಇಡ್ಲಿಯ ವಿಡಿಯೋವನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಬೇಕಾಗಿತ್ತಂತೆ.

ಇಡ್ಲಿಯಾದ ಮೇಲೆ ಕಾರ್ಯದರ್ಶಿಗಳು ಸುರುಳಿಯೊಂದನ್ನು ಬಿಚ್ಚಿದರು. ಸಂಘದ ಹೆಸರನ್ನು ಹಳದಿ ಕೆಂಪಿನಲ್ಲಿ ಅಚ್ಚು ಹಾಕಿಸಿದ ಫ್ಲೆಕ್ಸ್ ಬ್ಯಾನರು. ಗಾಜಿನ ಕೆಳಗಿನಿಂದ ಬಂಪರಿನವರೆಗೆ, ಗಾಡಿಯ ಮೂತಿಗೆ ಹೇಳಿ ಮಾಡಿಸಿದಂತಿತ್ತು. ಜಾಲರಿಯ ಮೇಲೆ ಎಳೆದು ನಾಲ್ಕು ಮೂಲೆಗೂ ಹಗ್ಗ ಬಿಗಿದರು. ಬಟ್ಟೆಯಾಗಿದ್ದರೆ ಅಷ್ಟಿಷ್ಟು ಗಾಳಿಯಾದರೂ ನುಸುಳೀತು. ಫ್ಲೆಕ್ಸಿನಲ್ಲಿ ಅದೂ ಇಲ್ಲ. ಜಾಲರಿಯ ಹಿಂದೆಯೇ ರೇಡಿಯೇಟರು. ಅದರ ಮೂಗು ಮುಚ್ಚಿ ಬೆಟ್ಟ ಹತ್ತಿಸಲು ಹೊರಟಿದ್ದರು.

"ಇದನ್ನ ಪಕ್ಕಕ್ಕೆ ಕಟ್ಟಿ" ಎಂದೆ.

"ಅಲ್ರೀ ಸರ, ಬಾಜೂಕ ಕಟ್ಟಿದ್ರ ಯಾರಿಗ್ ಕಾಣಸ್ತದ? ಮಾರಿ ಮುಂದ ಇರಬೇಕು" ಎಂದರು ಅಧ್ಯಕ್ಷರು.

"ಗಾಳಿ ಹೋಗಲ್ಲ. ಎಂಜಿನ್ ಕುದಿಯತ್ತೆ."

ಕಾರ್ಯದರ್ಶಿಗಳು ಮಂಗಳೂರಿನವರು, ಬ್ಯಾಂಕಿನಲ್ಲಿ ಅಧಿಕಾರಿ. ಹಗ್ಗ ಬಿಗಿಯುತ್ತಲೇ, "ಎಂತ ಮಾರಾಯ್ರೆ, ನಿಮ್ಗೆ ಕನ್ನಡ ಕಂಡ್ರೆ ಆಗುದಿಲ್ವಾ?" ಎಂದರು.

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಐವತ್ತು ವರ್ಷ ಈ ಊರಿನಲ್ಲಿದ್ದು ಮನೆಯೊಳಗೆ ಒಂದು ದಿನವೂ ಕನ್ನಡ ಬಿಡದವನು ನಾನು. ಗಾಡಿಯೊಂದಿಗೇ ಬಂದಿದ್ದ ಚಾಲಕನ ಬಳಿಗೆ ಹೋದೆ. ಬಂಗಾಳಿ, ಒಳ್ಳೆಯವನು, ನನ್ನನ್ನು ದಾದು, ಎಂದರೆ ತಾತ, ಎಂದು ಕರೆಯುತ್ತಿದ್ದ. ಜಾಲರಿ ತೋರಿಸಿದೆ. ಅವನಿಗೆ ತಿಳಿಯಿತು. ಆದರೂ, "ದಾದು, ಪಾರ್ಟಿ ಜೈಸಾ ಬೋಲೇಗಾ, ಹಮ್ ವೈಸಾ ಕರೇಗಾ" ಎಂದು ಕೈಚೆಲ್ಲಿದ. ಗಿರಾಕಿ ಹೇಳಿದಂತೆ ಮಾಡುವವನ ಮೇಲೆ ನನಗೆ ಸಿಟ್ಟಿಲ್ಲ.

ಏರು ಶುರುವಾದ ಕಾಲು ಗಂಟೆಗೆ ಕಾವಿನ ಮುಳ್ಳು ನಡುವನ್ನು ದಾಟಿತು. ಚಾಲಕನ ಪಕ್ಕದ ಸೀಟಿನಲ್ಲಿ ನಾನಿದ್ದೆ. ಕೆಳಗಿನ ಗೇರಿಗೆ ಇಳಿಸಲು ಹೇಳಿದೆ, ಇಳಿಸಿದ. ಎ.ಸಿ. ಆರಿಸಿದೆ. ಹಿಂದಿನಿಂದ ಗೊಣಗಾಟ ಎದ್ದಿತು. ಮುಳ್ಳು ಮತ್ತೂ ಏರಿತು. ಆಗ ಹೀಟರ್ ಹಾಕಿ, ಅದರ ಫ್ಯಾನನ್ನು ಪೂರ್ತಿ ತಿರುಗಿಸಿದೆ.

ಇದು ಹುಚ್ಚಲ್ಲ. ಎಂಜಿನ್ನನ್ನು ಸುತ್ತಿ ಬಂದ ಬಿಸಿನೀರಿನ ಒಂದು ಪಾಲು ಹೀಟರಿನ ಸಣ್ಣ ಕೊಳವೆಗಳಲ್ಲಿ ಹರಿಯುತ್ತದೆ. ಫ್ಯಾನು ಆ ಕಾವನ್ನು ಒಳಗೆ ಕುಳಿತವರ ಮೇಲೆ ಊದುತ್ತದೆ. ಕುಳಿತವರಿಗೆ ಹಿಂಸೆ, ಎಂಜಿನ್ನಿಗೆ ಅಷ್ಟು ಕಾವು ಕಡಿಮೆ. ದೊಡ್ಡ ರೇಡಿಯೇಟರಿನ ಮೂಗು ಮುಚ್ಚಿದ್ದಾಗ ನನ್ನ ಕೈಗೆ ಸಿಕ್ಕಿದ ಸಣ್ಣ ರೇಡಿಯೇಟರು ಅದೊಂದೇ.

"ರೀ, ಅದೇನು ತಿರುಗಿಸಿದ್ರಿ? ಇಡ್ಲಿ ಪಾತ್ರೆಯೊಳಗೆ ಕೂತ ಹಾಗಿದೆ" ಎಂದು ನನ್ನ ಹೆಂಡತಿ ಹಿಂದಿನಿಂದ ಕೂಗಿದಳು.

"ಹತ್ತು ನಿಮಿಷ ತಡ್ಕೊಳ್ಳಿ."

"ಸರ, ಥಂಡಿ ಊರಿಗೆ ಹೊಂಟೇವಂತ ಈಗಿಂದ್ಲೇ ಬೆಚ್ಚಗ ಮಾಡ್ಲಿಕ್ಹತ್ತೀರೇನು?" ಎಂದರು ಅಧ್ಯಕ್ಷರು. ಮತ್ತೆ ನಗು. ಆ ನಗುವಿನ ನಡುವೆ ಮುಳ್ಳು ಒಂದು ಬೆರಳಿನಷ್ಟು ಕೆಳಗಿಳಿಯಿತು. ಅದನ್ನು ನೋಡಿದವರು ಇಬ್ಬರೇ: ನಾನು ಮತ್ತು ಚಾಲಕ.

ಒಂದು ತಿರುವಿನಲ್ಲಿ ಚಹಾದಂಗಡಿ ಬಂತು. ಫೋಟೋಗೆಂದು ನಿಲ್ಲಿಸಿದರು. ಎಲ್ಲರೂ ಇಳಿದು ಅಂಗಿ ಬೀಸಿಕೊಳ್ಳುತ್ತಿದ್ದಾಗ ನಾನು ನೇರವಾಗಿ ಗಾಡಿಯ ಮೂತಿಗೆ ಹೋಗಿ ಬ್ಯಾನರಿನ ಬಲಮೂಲೆಯ ಗಂಟಿಗೆ ಕೈ ಹಾಕಿದೆ. ನೈಲಾನ್ ಹಗ್ಗ, ಬಿಗಿಯಾದ ಗಂಟು. ಒಂದು ಸುತ್ತು ಸಡಿಲವಾಗಿತ್ತು. ಅಷ್ಟರಲ್ಲಿ ಎಲ್ಲರೂ ಬ್ಯಾನರಿನ ಮುಂದೆ ಬಂದು ನಿಂತರು. "ಹಾಂ ಸರ, ಹಂಗಽ ನಿಂದರ್ರಿ, ಛಂದ ಬರ್ತದ" ಎಂದರು ಅಧ್ಯಕ್ಷರು. ಚಾಲಕ ಫೋನಿನಲ್ಲಿ ಚಿತ್ರ ತೆಗೆದ.

ಚಿತ್ರ ಮುಗಿದ ಮೇಲೆ ನಾನು ಆ ಗಂಟನ್ನು ಬಿಚ್ಚಬೇಕಾಗಿತ್ತು. ಬಿಚ್ಚಲಿಲ್ಲ. ಕಾರ್ಯದರ್ಶಿಗಳು ಹತ್ತಿರ ಬಂದು ಸಡಿಲವಾದ ಸುತ್ತನ್ನು ನೋಡಿ, "ಪುನಃ ಶುರುವಾ ನಿಮ್ದು?" ಎಂದು ತಾವೇ ಬಿಗಿದರು. ನಾನು ಕೈ ಹಿಂದಕ್ಕೆ ತೆಗೆದೆ. ಮೂರನೆಯ ಸಲ ನಗೆಗೀಡಾಗುವ ಶಕ್ತಿ ನನಗಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ನನ್ನ ತಪ್ಪು ಅದೊಂದೇ. ಅದನ್ನು ನಾನು ಮುಚ್ಚಿಡುವುದಿಲ್ಲ.

ಮತ್ತೆ ಹೊರಡುವಾಗ ಮುಂದಿನ ಸೀಟಿನಲ್ಲಿ ಕಾರ್ಯದರ್ಶಿಗಳು ಕುಳಿತಿದ್ದರು, ವಿಡಿಯೋ ಮಾಡಬೇಕೆಂದು. ನನಗೆ ಹಿಂದೆ ಗ್ರೈಂಡರಿನ ಪಕ್ಕದಲ್ಲಿ ಜಾಗ ದೊರೆಯಿತು. ಹೀಟರ್ ಆರಿತು, ಎ.ಸಿ. ಹತ್ತಿತು, ಚಪ್ಪಾಳೆ ಬಿತ್ತು. ನಾನು ಗಡಿಯಾರ ನೋಡಿದೆ. ಹದಿಮೂರು ನಿಮಿಷ ಗಾಡಿ ತಡೆದುಕೊಂಡಿತು. ಹದಿನಾಲ್ಕನೆಯ ನಿಮಿಷದಲ್ಲಿ ಬ್ಯಾನರಿನ ಅಂಚುಗಳಿಂದ ಬಿಳಿಯ ಹಬೆ ಎದ್ದು ಗಾಜು ಮಸುಕಾಯಿತು.

ಕಾರ್ಯದರ್ಶಿಗಳು ಜಿಗಿದಿಳಿದು ಬ್ಯಾನರನ್ನು ಕಿತ್ತೆಸೆದು, ಬಾನೆಟ್ ಎತ್ತಿಸಿ, ರೇಡಿಯೇಟರಿನ ಮುಚ್ಚಳಕ್ಕೆ ಕರವಸ್ತ್ರ ಸುತ್ತಿ ತಿರುಗಿಸಲು ಹೋದರು. ತಿರುಗಿಸಿದ್ದರೆ ಕುದಿನೀರು ಮುಖಕ್ಕೆ ಹಾರುತ್ತಿತ್ತು. ನಾನು ಓಡಿಹೋಗಿ ಅವರ ಕೈಯನ್ನು ಜೋರಾಗಿ ತಳ್ಳಿದೆ. ಸಂಚಿಕೆಯಲ್ಲಿ ಇದೂ ಬಂದಿದೆ: "ಹಿರಿಯರು ಸ್ವಲ್ಪ ಕೋಪಗೊಂಡಿದ್ದರು."

ಎಂಜಿನ್ ತಣಿಯಲು ಎರಡೂವರೆ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಆ ಬ್ಯಾನರನ್ನು ರಸ್ತೆಯ ಬದಿಯಲ್ಲಿ ಹಾಸಿ, ಅದರ ಮೇಲೆ ಕುಳಿತು ಪುಳಿಯೋಗರೆ ತಿಂದರು. ಕನ್ನಡದ ಮೇಲೆ ಕುಳಿತಿದ್ದೀರಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಆಮೇಲೆ ಕಾಫಿಗೆಂದು ತಂದ ಕ್ಯಾನಿನಿಂದಲೇ ನೀರು ತುಂಬಿ, ಬ್ಯಾನರಿಲ್ಲದ ಬರಿಯ ಮೂತಿಯಲ್ಲಿ, ಚಾಲಕ ತಾನಾಗಿಯೇ ಹೀಟರ್ ಹಾಕಿಕೊಂಡು ದಾರಿಯ ಕುರ್ಸಿಯಾಂಗ್ ಊರು ದಾಟಿಸಿದ. ಮುಳ್ಳು ನಡುವಿನಿಂದ ಮೇಲೇಳಲಿಲ್ಲ. ಆಗ ಒಬ್ಬರೂ ಹೀಟರಿನ ಸುದ್ದಿ ಎತ್ತಲಿಲ್ಲ, ಹೊರಗೆ ತಂಪಾಗಿತ್ತು. ಪುಟಾಣಿ ರೈಲಂತೂ ಹೊರಟುಹೋಗಿತ್ತು. ಅದಕ್ಕೆ ಯಾರಾದರೊಬ್ಬರು ಕಾರಣರಾಗಲೇಬೇಕಿತ್ತು.

ಸಂಚಿಕೆ ಬಂದ ಮೇಲೆ ಲೇಕ್ ಮಾರ್ಕೆಟಿನಲ್ಲಿ ಕಾಫಿಪುಡಿಗೆ ನಿಂತಿದ್ದಾಗ ಪರಿಚಯದ ಹೆಂಗಸೊಬ್ಬರು ಗಂಡನಿಗೆ, "ಅವ್ರೇರೀ ಹೀಟರ್ ಅಂಕಲ್ಲು" ಎಂದದ್ದು ನನಗೆ ಕೇಳಿಸಿತು. ಅದನ್ನು ನುಂಗಿಕೊಂಡೆ. ನುಂಗಲಾಗದ್ದು ಬೇರೆ.

ಮಗಳ ಮಗಳಿಗೆ ಒಂಬತ್ತು ವರ್ಷ. ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ಉತ್ತರ ಬರುವುದು ಇಂಗ್ಲಿಷೋ ಹಿಂದಿಯೋ ಬೆರೆತ ಕನ್ನಡದಲ್ಲಿ. ಎರಡು ವರ್ಷದಿಂದ ಪ್ರತಿ ಭಾನುವಾರ ಅವಳಿಗೆ ಅಕ್ಷರ ಕಲಿಸುತ್ತಿದ್ದೇನೆ. ಆ ಭಾನುವಾರ ಸಂಚಿಕೆ ಮೇಜಿನ ಮೇಲಿತ್ತು. ಚಿತ್ರವಿದ್ದ ಪುಟ ತೆರೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ನನ್ನ ಸಹಾಯವಿಲ್ಲದೆ ಅವಳು ಮೊತ್ತಮೊದಲು ಓದಿದ ಪೂರ್ತಿ ಕನ್ನಡ ವಾಕ್ಯ ಅದೇ: ಏರುದಾರಿಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಆ ಸೆಖೆಯಲ್ಲೂ ಹೀಟರ್ ಹಾಕಿ ಕುಳಿತದ್ದರಿಂದ…

"ತಾತಾ, ಇದು ನೀವಾ?"

ಹೌದೆಂದೆ. ಕಾಗದದ ಮೇಲೆ ಎಂಜಿನ್ನು, ನೀರಿನ ದಾರಿ, ದೊಡ್ಡ ರೇಡಿಯೇಟರು, ಹೀಟರು ಎಲ್ಲವನ್ನೂ ಬರೆದು ತೋರಿಸಿದೆ. "ಸೋ ಹೀಟರ್ ಅಂದ್ರೆ ಚಿಕ್ಕ ರೇಡಿಯೇಟರ್" ಎಂದಳು. ಐದು ನಿಮಿಷವೂ ಹಿಡಿಯಲಿಲ್ಲ. ಉಪ್ಪಿಟ್ಟು ಇರಲಿಲ್ಲ, ಅದೂ ಒಂದು ಕಾರಣವಿರಬಹುದು. ಆಮೇಲೆ ಪುಟದ ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು. ಎಲ್ಲರೂ ನಗುತ್ತ ನಿಂತಿದ್ದಾರೆ. ಹಿಂದೆ ಬ್ಯಾನರು. ಅದರ ಬಲಮೂಲೆಯಲ್ಲಿ, ಹಗ್ಗದ ಮೇಲೆ, ಚಿತ್ರದ ಅಂಚಿನಿಂದ ಒಳಚಾಚಿದ ಒಂದು ಕೈ.

"ತಾತಾ, ಇದು ನಿಮ್ಮ ವಾಚ್. ನೀವೇ ಕಟ್ತಾ ಇದ್ರಾ?"

"ಇಲ್ಲ ಕಂದಾ, ಬಿಚ್ತಾ ಇದ್ದೆ."

"ಬಟ್ ಬಿಚ್ಚಿಲ್ಲ ಅಲ್ವಾ?"

ಅವಳ ಕಣ್ಣಿನಲ್ಲಿ ಕುಚೋದ್ಯವಿರಲಿಲ್ಲ. ನನ್ನ ಮಾತನ್ನು ನಂಬಬೇಕೋ ಅಚ್ಚಾದದ್ದನ್ನು ನಂಬಬೇಕೋ ಎಂದು ನಿಜವಾಗಿಯೇ ತೂಗಿ ನೋಡುತ್ತಿದ್ದಳು. ಅಚ್ಚಾದದ್ದನ್ನು ಓದಿ ನಂಬಲೆಂದೇ ನಾನು ಅವಳಿಗೆ ಎರಡು ವರ್ಷ ಕಲಿಸಿದ್ದೆ.

ತಿದ್ದುಪಡಿ ಕೋರಿ ಸಂಘಕ್ಕೆ ಎರಡು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಫೋನಿನಲ್ಲಿ ಕೈಮುಗಿದ ಚಿತ್ರವೊಂದು ಬಂತು. ಆದ್ದರಿಂದ ಅಧ್ಯಕ್ಷರಿಗೂ ಕಾರ್ಯದರ್ಶಿಗಳಿಗೂ ಇದು ಮೂರನೆಯದು, ಕೊನೆಯದು. ಗೇರು, ಪಂಪು, ಹೀಟರು ಯಾವುದರ ವಿಷಯವನ್ನೂ ನಾನು ಮತ್ತೆ ಎತ್ತುವುದಿಲ್ಲ. ನೀವೇ ಅಚ್ಚು ಹಾಕಿಸಿದ ಹದಿನಾಲ್ಕನೆಯ ಪುಟದ ಚಿತ್ರವನ್ನು ಎದುರಿಗಿಟ್ಟುಕೊಂಡು, ನನ್ನ ಮೊಮ್ಮಗಳು ಓದಿಕೊಳ್ಳುವಂತೆ ಒಂದು ಸಾಲಿನಲ್ಲಿ ಬರೆದು ತಿಳಿಸಿ: ಆ ಮುದುಕನ ಕೈ ಗಂಟು ಹಾಕುತ್ತಿತ್ತೇ, ಬಿಚ್ಚುತ್ತಿತ್ತೇ?