ಕಿವಿಗೆ ಬಿದ್ದರೆ ಸೂತಕ

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ, ಏಳನೇ ತರಗತಿಯ ಅರ್ಧಕ್ಕೆ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬಿಂಡಿಗನವಿಲೆಯಲ್ಲಿ ನನ್ನನ್ನು ಸಾಕಿದ ದೊಡ್ಡಪ್ಪ, "ಅಕ್ಷರ ಬ್ಯಾಡ ಅಂದ್ರೆ ಕುರಿ ಹಿಂದೆ ಹೋಗ್ಲಾ" ಎಂದ. ಸ್ವಲ್ಪ ಕಾಲ ಕುರಿಗಳ ಹಿಂದೆ ನಡೆದೆ, ಆಮೇಲೆ ಲಾರಿ ಹತ್ತಿದೆ. ಕ್ಲೀನರ್ ಆಗಿ, ಡ್ರೈವರ್ ಆಗಿ, ಕೊನೆಗೆ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ನನ್ನ ಸ್ವಂತ ಅಂಬಾಸಿಡರ್ ನಿಲ್ಲಿಸಿಕೊಂಡು ಬಾಡಿಗೆ ಹೊಡೆಯುವಂತಾದೆ.

ತೊಂಬತ್ತೈದರಲ್ಲಿ ಬಾಬುರಾಯನಕೊಪ್ಪಲಿನಲ್ಲಿ ಮನೆ ಕಟ್ಟಿಸಿದೆ. ಹೊಸ ಮನೆಯಲ್ಲಿ ಹಾಲುಕ್ಕಿಸಲು ಪುರೋಹಿತರು ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿದ್ದರು. ಅದು ತಪ್ಪಿದರೆ ಆಷಾಢ ಕಳೆಯುವವರೆಗೆ ಒಳ್ಳೆಯ ದಿನವಿಲ್ಲ ಎಂದಿದ್ದರು. ಅಷ್ಟರಲ್ಲಿ ದೊಡ್ಡಪ್ಪ ಹಾಸಿಗೆ ಹಿಡಿದ. ಅವನೇನಾದರೂ ಹೋಗಿಬಿಟ್ಟರೆ ನಮಗೆ ಸೂತಕ. ತಿಥಿ ಆಗುವವರೆಗೆ ತೋರಣ ಕಟ್ಟುವಂತಿಲ್ಲ, ಹೊಸ ಒಲೆ ಹಚ್ಚುವಂತಿಲ್ಲ.

ಆದರೆ ಸೂತಕಕ್ಕೂ ಒಂದು ಸಂದು ಇದೆ. ಸತ್ತ ಸುದ್ದಿ ಕಿವಿಗೆ ಬಿದ್ದ ಮೇಲೇ ಅದು ಅಂಟುವುದು. ತಿಥಿ ಕಳೆದ ಮೇಲೆ ಕೇಳಿದರೆ ತಲೆಗೆ ಸ್ನಾನ ಮಾಡಿದರೆ ಮುಗಿಯಿತು. ನಮ್ಮಜ್ಜಿ ಇದನ್ನು ವೇದವಾಕ್ಯದ ಹಾಗೆ ಹೇಳುತ್ತಿದ್ದಳು. ಹಾಗಾಗಿ ನನ್ನ ಹೆಂಡತಿ ಆ ವಾರವಿಡೀ ನಾನು ಮನೆ ಬಿಡುವಾಗ ಒಂದೇ ಪಾಠ ಹೇಳುತ್ತಿದ್ದಳು: "ಊರ ಕಡೆಯೋರು ಯಾರ್ ಕಂಡ್ರೂ ಬಾಯ್ ತೆಗೆಯಕ್ ಮುಂಚೆ ಗಾಡಿ ತೆಗೀರಿ."

ಆ ಸೋಮವಾರ ಒಬ್ಬ ವಯಸ್ಸಾದ ಸಾಹೇಬರು ಬಾಡಿಗೆಗೆ ಬಂದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದ ಯೆಹೂದಿ. ಅವರ ಕನ್ನಡ ಸೊಟ್ಟಗಿದ್ದರೂ ಗಟ್ಟಿಯಾಗಿತ್ತು. ನಾಗಮಂಗಲದಲ್ಲಿ ಒಂದು ಹಿತ್ತಾಳೆ ದೀಪ ಕೊಳ್ಳಬೇಕು, ಅದಕ್ಕೆ ಮೊದಲು ಸುಲ್ತಾನರ ಸಮಾಧಿ ಇರುವ ಗುಂಬಜ್ ನೋಡಬೇಕು ಎಂದರು. ಗುಂಬಜ್ ಹತ್ತಿರ ಕಾರು ನಿಲ್ಲಿಸಿದರೆ ಇವರು ಗೇಟಿನ ಹೊರಗೇ ನಿಂತು ಕತ್ತು ಉದ್ದ ಮಾಡಿ ನೋಡಿ ವಾಪಸ್ ಬಂದರು.

"ಒಳಗ್ ಹೋಗಲ್ವಾ ಸಾರ್?"

"ನಾನು ಕೋಹೆನ್ ಅಪ್ಪಾ. ನಮ್ದು ಪೂಜಾರಿಗಳ ಕುಲ. ಹೆಣ ಇರೋ ಸೂರಿನ ಕೆಳಗೆ ನಾವು ಹೋಗಂಗಿಲ್ಲ. ಬೇರೆ ಮತದೋರ ಸಮಾಧಿಗೆ ಅಷ್ಟು ಕಟ್ಟಿಲ್ಲ ಅಂತಾನೂ ಹೇಳ್ತಾರೆ. ನಮ್ಮಪ್ಪ ಹೋಗ್ತಿರಲಿಲ್ಲ, ನಾನೂ ಹೋಗಲ್ಲ."

ಮರದ ಕೊಂಬೆ ಸಮಾಧಿಯ ಮೇಲೂ ದಾರಿಯ ಮೇಲೂ ಚಾಚಿದ್ದರೆ ಅದೂ ಒಂದೇ ಸೂರಂತೆ. ಇಷ್ಟು ಮಡಿಯ ಮನುಷ್ಯ ನನ್ನ ಕಾರಿನಲ್ಲಿ ಕೂತಿದ್ದು ನನಗೆ ಹೆಮ್ಮೆಯೇ ಆಯಿತು. ಬೆಳಿಗ್ಗೆ ತಾನೇ ಸೀಟು ಒರೆಸಿದ್ದೆ.

ವಾಪಸ್ ಬಸ್ ಸ್ಟ್ಯಾಂಡಿನ ಮುಂದೆ ಬರುವಾಗ ಚಿಕ್ಕಪ್ಪನ ಮಗ ಕಂಡ. ನಾಗಮಂಗಲದ ಬಸ್ಸಿನಿಂದ ಇಳಿದವನ ಕಣ್ಣು ಕೆಂಪಗಿತ್ತು. ನನ್ನನ್ನು ನೋಡಿದ್ದೇ, "ಅಣ್ಣೋ, ನಿಂತ್ಕೊ, ದೊಡ್ಡಪ್ಪ..." ಎಂದು ಓಡಿ ಬಂದ. ನಾನು ಹಾರನ್ ಒತ್ತಿ ಹಿಡಿದೆ. ಅವನ ಬಾಯಿ ಆಡುವುದು ಕಂಡಿತು, ಮಾತು ಕೇಳಿಸಲಿಲ್ಲ. ಸೀದಾ ಪಾಂಡವಪುರದ ದಾರಿ ಹಿಡಿದೆ.

ಪಾಂಡವಪುರದಲ್ಲಿ ಸಾಹೇಬರಿಗೆ ಟೀ ಕುಡಿಸುತ್ತಿದ್ದೆ. ಲೋಟ ಅರ್ಧ ಆಗುವಷ್ಟರಲ್ಲಿ ಹಿಂದಿನಿಂದ ಬಂದ ಬಸ್ಸಿನ ಕಿಟಕಿಯಲ್ಲಿ ಒಂದು ಟವೆಲ್ಲು ಆಡಿತು. ಮತ್ತೆ ಅವನೇ. ಸಾಹೇಬರನ್ನು ಲೋಟದ ಸಮೇತ ಕಾರಿಗೆ ತುಂಬಿಕೊಂಡು, ಬಸ್ಸು ಹೋಗುವ ದಾರಿ ಬಿಟ್ಟು ಕೆ.ಆರ್.ಪೇಟೆ ಕಡೆ ತಿರುಗಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಅವರು, "ಏನಪ್ಪಾ, ಆ ಹುಡುಗನಿಗೆ ಏನ್ ಮೋಸ ಮಾಡಿದ್ದೀಯ?" ಎಂದರು.

ಮೋಸ ಅಂದದ್ದನ್ನು ನನಗೆ ತಡೆಯಲಾಗಲಿಲ್ಲ. ಮನೆ, ಹಾಲು, ದೊಡ್ಡಪ್ಪ, ಸೂತಕ ಎಲ್ಲ ಹೇಳಿದೆ. ಅವರು ತೊಡೆ ತಟ್ಟಿಕೊಂಡು ನಕ್ಕರು. ಅವರ ಶಾಸ್ತ್ರದಲ್ಲೂ ಹಾಗೇ ಇದೆಯಂತೆ. ಸತ್ತ ತಿಂಗಳೊಳಗೆ ಸುದ್ದಿ ಕೇಳಿದರೆ ವಾರವಿಡೀ ಚಪ್ಪಲಿ ಬಿಟ್ಟು ತಗ್ಗಾದ ಮಣೆಯ ಮೇಲೆ ಕೂರಬೇಕು, ಹೊರಗೆ ಹೋಗಬಾರದು, ಮೊದಲ ಊಟ ನೆರೆಯವರೇ ತರಬೇಕು. ತಿಂಗಳು ದಾಟಿದ ಮೇಲೆ ಕೇಳಿದರೆ ಒಂದು ಗಂಟೆ ಕೂತು ಎದ್ದರೆ ಸಾಕು.

"ಹಂಗಾದ್ರೆ ನಾನ್ ಮಾಡಿದ್ದು ಸರಿ ಅಂತೀರಿ" ಎಂದೆ.

"ಅಲ್ಲ. ಗೊತ್ತಿದ್ದೋನು ಹೇಳ್ದೆ ಇರಬಹುದು, ಅದು ಶಾಸ್ತ್ರ. ಕೇಳೋನು ಓಡಬಹುದು ಅಂತ ಎಲ್ಲೂ ಬರ್ದಿಲ್ಲ." ಆಮೇಲೆ ಕಿಟಕಿಯಾಚೆ ನೋಡುತ್ತ, "ನಮ್ಮಣ್ಣ ಪರದೇಶದಲ್ಲಿ ತೀರಿಹೋದ. ನಂಗೆ ತಡವಾಗಿ ತಿಳೀತು. ಒಂದು ಗಂಟೆ ಕೂತೆ. ಶಾಸ್ತ್ರಕ್ಕೆ ಸಾಕಾಯ್ತು, ನಂಗೆ ಸಾಕಾಗಲಿಲ್ಲ. ಈ ದೀಪ ಅವನ ಹೆಸರಲ್ಲಿ ಹಚ್ಚೋಕೇ" ಎಂದರು.

ಕೆ.ಆರ್.ಪೇಟೆ ದಾಟಿ ನಾಗಮಂಗಲದ ದಾರಿ ಹಿಡಿದೆ. ದೊಡ್ಡಪ್ಪ ಹೋಗಿದ್ದರೆ ಇಷ್ಟು ಹೊತ್ತಿಗೆ ಮಣ್ಣೂ ಆಗಿರುತ್ತದೆ ಅನ್ನುವುದು ಆಗ ತಲೆಗೆ ಹೊಳೆಯಿತು. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಇದ್ದದ್ದು ಹಾಲಿನ ಪಾತ್ರೆ ಒಂದೇ.

ಹಿತ್ತಾಳೆ ಅಂಗಡಿಯ ಜಗುಲಿಯ ಮೇಲೆ ಚಿಕ್ಕಪ್ಪನ ಮಗ ಕಾಲು ಇಳಿಬಿಟ್ಟು ಕೂತಿದ್ದ. ಸ್ಟ್ಯಾಂಡಿನ ಡ್ರೈವರುಗಳು ನನ್ನ ಬಾಡಿಗೆಯ ವಿಷಯ ಹೇಳಿಬಿಟ್ಟಿದ್ದರು. ಈ ಸಲ ನಾನೇ ಕಾರು ಆಫ್ ಮಾಡಿದೆ.

"ಹೇಳ್ಬುಡ್ಲಾ" ಎಂದೆ.

"ಏನ್ ಹೇಳದು ನಿನ್ ತಲೆ. ಹೊತ್ತಾರೆಯಿಂದ ಬಸ್ಸಿಗೆ ಕಾಸು ಹಾಕ್ಸಿ ಸಾಯಿಸ್ಬುಟ್ಟೆ. ದೊಡ್ಡಪ್ಪ ಹೇಳ್ ಕಳ್ಸವ್ನೆ. ಮುಂದಿನ್ ವಾರದಗಂಟ ನಾನ್ ಇರಕಿಲ್ಲ, ನಾಳೀಕೇ ಹಾಲುಕ್ಕಿಸ್ಕೊ ಅನ್ನು, ಕಾರ್ ತಂದು ನನ್ನೂ ಕರ್ಕಂಡೋಗ್ಲಿ ಅಂದ."

"ಬದುಕವ್ನಾ?"

"ಬದುಕವ್ನೆ. ನಿಂಗೆ ಬೈಯೋದ್ರಲ್ಲೇ ಬದುಕವ್ನೆ."

"ಮತ್ತೆ ನಿನ್ ಕಣ್ಯಾಕ್ಲಾ ಕೆಂಪಗವೆ?"

"ಬಸ್ಸಿನ್ ಧೂಳು ಕಣಣ್ಣ."

ಸಾಹೇಬರು ದೀಪ ಕೊಂಡರು. ಅವರನ್ನು ಬಸ್ಸು ಹತ್ತಿಸುತ್ತೇನೆ ಎಂದೆ, ಬೇಡ ಎಂದರು. ಆ ಅಜ್ಜನನ್ನು ನೋಡಿಯೇ ಹೋಗುತ್ತೇನೆ ಎಂದರು. ಆದರೆ ಬಿಂಡಿಗನವಿಲೆಯಲ್ಲಿ ಮನೆಯೊಳಗೆ ಕಾಲಿಡಲಿಲ್ಲ. ಸಾಯುವ ಹಾಗಿರುವವರ ಮನೆಯೊಳಗೂ ಅವರು ಹೋಗುವಂತಿಲ್ಲವಂತೆ. ದೊಡ್ಡಪ್ಪನನ್ನು ಕಂಬಳಿ ಸಮೇತ ಎತ್ತಿ ತಂದು, ಚಿಕ್ಕಪ್ಪನ ಮಗನ ತೊಡೆಯ ಮೇಲೆ ತಲೆಯಿಟ್ಟು ಹಿಂದಿನ ಸೀಟಿನಲ್ಲಿ ಮಲಗಿಸಿದ ಮೇಲೆ ಸಾಹೇಬರಿಗೆ ದೊಡ್ಡ ಯೋಚನೆ ಹತ್ತಿತು. ಕಾರಿಗೂ ಸೂರು ಇದೆ. ದಾರಿಯಲ್ಲಿ ಅಜ್ಜ ಹೋಗಿಬಿಟ್ಟರೆ?

"ಸಾರ್, ನಮ್ ದೊಡ್ಡಪ್ಪ ಹಠಮಾರಿ. ಹಾಲುಕ್ಕೋಗಂಟ ಹೋಗಲ್ಲ" ಎಂದೆ. ಅವರು ಗಡ್ಡ ಕೆರೆದುಕೊಂಡು ಮುಂದೆ ಕೂತರು. ಕೂತವರು ಪ್ರತಿ ಊರು ದಾಟಿದಾಗಲೂ ಹಿಂದಕ್ಕೆ ತಿರುಗಿ, "ಅಜ್ಜಾ, ಹೆಂಗಿದ್ದೀರಿ?" ಅನ್ನುತ್ತಿದ್ದರು.

ಮೊದಮೊದಲು ದೊಡ್ಡಪ್ಪ "ಹೂಂ" ಎಂದ. ಜಕ್ಕನಹಳ್ಳಿ ದಾಟುವಾಗ ಕಣ್ಣು ಬಿಟ್ಟ. "ಯಾರ್ಲಾ ಇವ್ನು, ನನ್ ಉಸ್ರು ಎಣಿಸ್ತಾ ಕುಂತವ್ನೆ?"

"ದೊಡ್ಡ ಮಡಿಯೋರು ಕಣ್ ದೊಡ್ಡಪ್ಪ. ನೀನು ಕಾರಲ್ ಸತ್ರೆ ಅವ್ರು ಮೈಲಿಗೆ ಆಗ್ಬುಡ್ತಾರೆ."

"ಅಂಗಾ? ಅವ್ನ ಮಡಿ ಕಾಯಕ್ಕಾದ್ರೂ ಉಸ್ರು ಬಿಗಿ ಹಿಡ್ಕಂಡಿರ್ತೀನಿ ಬುಡು" ಎಂದ ದೊಡ್ಡಪ್ಪ. ಸಾಹೇಬರು ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಶ್ರೀರಂಗಪಟ್ಟಣದಲ್ಲಿ ಇಳಿದವರು ದೊಡ್ಡಪ್ಪನಿಗೆ ಕೈ ಮುಗಿದು, ದೀಪ ಕಂಕುಳಲ್ಲಿಟ್ಟುಕೊಂಡು ಬೆಂಗಳೂರು ಬಸ್ಸು ಹತ್ತಿದರು.

ಮಾರನೇ ಬೆಳಿಗ್ಗೆ ಹಾಲುಕ್ಕಿಸಿದೆವು. ಮುಹೂರ್ತ ಸರಿಯಿಲ್ಲ ಎಂದು ಪುರೋಹಿತರು ಬರಲೇ ಇಲ್ಲ. ಹೆಂಡತಿಯೇ ಒಲೆಗೆ ಅರಿಶಿನ ಕುಂಕುಮ ಇಟ್ಟಳು. ಹಾಲು ಮೂಡಲ ಕಡೆಗೇ ಉಕ್ಕಿತು. ದೊಡ್ಡಪ್ಪ ಗೋಡೆಗೆ ಒರಗಿ ಕೂತು ಒಂದೊಂದೇ ಕಡೆ ಕಣ್ಣಾಡಿಸಿ, "ಬಾಗ್ಲು ಗಿಡ್ಡ ಆಯ್ತು ಕಣ್ಲಾ" ಎಂದ. ಹೊಗಳಿದ್ದು ಅಂತ ನಮಗೆಲ್ಲ ಗೊತ್ತಾಯಿತು. ಅವನ ಬಾಯಿಂದ ಅದಕ್ಕಿಂತ ಹೆಚ್ಚಿನದು ಯಾವತ್ತೂ ಬಂದದ್ದಿಲ್ಲ.

ಆ ವಾರದ ಕೊನೆಯಲ್ಲಿ ಆ ಮನೆಯಲ್ಲೇ ಹೋದ, ಅಂಬಲಿ ಕುಡಿದು ಮಲಗಿದವನು. ಸುದ್ದಿ ತರಲು ಯಾರೂ ಬರಬೇಕಾಗಲಿಲ್ಲ. ತಲೆಯ ಹತ್ತಿರ ಕೂತಿದ್ದವನು ನಾನೇ. ಊರಿಗೆ ಒಯ್ದು ಮಣ್ಣು ಮಾಡಿ ಬಂದೆವು. ಕಾರಿಗೆ ಟಾರ್ಪಾಲು ಹೊದೆಸಿ ತಿಥಿಯವರೆಗೂ ಬಾಡಿಗೆಗೆ ಹೋಗಲಿಲ್ಲ, ಚಾಪೆಯ ಮೇಲೆ ಕೂತೆ. ಹೊಸ ಮನೆಗೆ ಎಂಥ ಅಪಶಕುನ ಎಂದು ಹೇಳಲು ಬಂದ ನೆಂಟರನ್ನು ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಬೈದು ಕಳಿಸಿದಳು.

ಈಗ ನನಗೆ ಅದೇ ಮನೆ ಇದೆ, ಮೇಲೊಂದು ಮಹಡಿ ಇದೆ. ಎರಡು ಕಾರು, ಒಂದು ಟೆಂಪೊ, ಎರಡು ಹಸು. ಒಬ್ಬಳು ಹೆಂಡತಿ, ಮೂರು ಮಕ್ಕಳು, ನಾಲ್ಕು ಮೊಮ್ಮಕ್ಕಳು.